ಮೊದಲು ಸಪ್ತಪದಿಯೋ, ಪ್ರಮಾಣಪತ್ರವೋ?

ಕೊಚ್ಚಿ, ತಿರುವನಂತಪುರಗಳಲ್ಲಿ ನೆಲೆಸಿರುವ ನಮ್ಮ ಮಾಧ್ವ ಕುಟುಂಬಗಳಲ್ಲಿ ಒಂದು ಪ್ರಶ್ನೆ ಈಚೆಗೆ ಪದೇ ಪದೇ ಏಳುತ್ತಿದೆ. ವರನು ಅಮೆರಿಕೆಯಲ್ಲೋ ಇಂಗ್ಲೆಂಡಿನಲ್ಲೋ ಉದ್ಯೋಗದಲ್ಲಿದ್ದಾನೆ, ವಧು ಇಲ್ಲಿದ್ದಾಳೆ. ಮೊಬೈಲಿನ ಪರದೆಯ ಮೇಲೆ ಕೆಲವು ತಿಂಗಳು ಮಾತುಕತೆ ನಡೆದು ಉಭಯರೂ ಒಪ್ಪಿದ್ದಾರೆ. ವರನಿಗೆ ದೊರೆಯುವ ರಜೆ ಎರಡು ಮೂರು ವಾರ. ವೀಸಾಕ್ಕೆ ಹಿಡಿಯುವ ಕಾಲ ಅನೇಕ ತಿಂಗಳು. ಹೀಗಿರುವಾಗ ನಿಶ್ಚಿತಾರ್ಥದ ಮರುದಿನವೇ ವಿವಾಹವನ್ನು ನೋಂದಾಯಿಸಿ, ಆ ಪತ್ರದೊಡನೆ ಅರ್ಜಿ ಸಲ್ಲಿಸಿ, ಮುಹೂರ್ತವನ್ನು ಮುಂದಿನ ವರ್ಷ ಇಟ್ಟುಕೊಂಡರೆ ತಪ್ಪೇನು?

ದೂರವಿದ್ದು ಒಲಿಯುವುದು ದೋಷವೆಂದು ಯಾರೂ ಹೇಳಲಾರರು. ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿ ರುಕ್ಮಿಣೀದೇವಿಯು ಶ್ರೀಕೃಷ್ಣನನ್ನು ಕಾಣುವ ಮೊದಲೇ ಅವನ ಗುಣಗಳನ್ನು ಕೇಳಿ ವರಿಸಿದಳು. ವಿದರ್ಭದಿಂದ ದ್ವಾರಕೆಗೆ ಬ್ರಾಹ್ಮಣನೊಬ್ಬನ ಮೂಲಕ ಸಂದೇಶ ಕಳುಹಿಸಿದಳು. ಆದರೆ ಕಥೆ ಸಂದೇಶಕ್ಕೆ ಮುಗಿಯಲಿಲ್ಲ. ಸ್ವಾಮಿಯು ಉತ್ತರವನ್ನಷ್ಟೇ ಕಳುಹಿಸದೆ, ಅದೇ ಬ್ರಾಹ್ಮಣನನ್ನು ರಥದಲ್ಲಿ ಕೂರಿಸಿಕೊಂಡು ಒಂದೇ ರಾತ್ರಿಯಲ್ಲಿ ತಾನೇ ವಿದರ್ಭಕ್ಕೆ ಬಂದನು. ಬಳಿಕ ದ್ವಾರಕೆಯಲ್ಲಿ ವಿಧಿಪೂರ್ವಕವಾಗಿ ಪಾಣಿಗ್ರಹಣ ಮಾಡಿದನು. ಸಂದೇಶವು ಸಂಬಂಧಕ್ಕೆ ದ್ವಾರವಾಗಬಲ್ಲುದು, ಸಂಬಂಧವೇ ಆಗಲಾರದು.

ಶ್ರೀಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ಪ್ರತ್ಯಕ್ಷಜ್ಞಾನವನ್ನು ಕೆಡಿಸುವ ವಿಷಯದೋಷಗಳನ್ನು ಹೇಳುವಾಗ ಅತಿದೂರತ್ವವನ್ನೂ ವ್ಯವಧಾನವನ್ನೂ ಎಣಿಸಿದ್ದಾರೆ. ಪರದೆಯ ಮೇಲಣ ಮಾತಿಗೆ ಈ ಎರಡೂ ಅನ್ವಯಿಸುತ್ತವೆ. ಅಲ್ಲಿ ಮುಖ ಕಾಣುತ್ತದೆ, ಧ್ವನಿ ಕೇಳುತ್ತದೆ. ಆದರೆ ದಣಿದು ಮನೆಗೆ ಬಂದವನು ಹೇಗೆ ವರ್ತಿಸುತ್ತಾನೆ, ಹಿರಿಯರೊಡನೆ ಹೇಗೆ ಮಾತನಾಡುತ್ತಾನೆ ಎಂಬುದು ಕಾಣದು. ಆದುದರಿಂದ ಆ ಪರಿಚಯವನ್ನು ಅಲ್ಲಗಳೆಯಬೇಕಾಗಿಲ್ಲ. ಪೂರ್ಣಜ್ಞಾನವೆಂದು ಭಾವಿಸಬಾರದು, ಅಷ್ಟೆ.

ಇನ್ನು ಪತ್ರದ ವಿಚಾರ. 1955ರ ಹಿಂದೂ ವಿವಾಹ ಕಾಯಿದೆಯ 7ನೆಯ ವಿಧಿಯ ಪ್ರಕಾರ, ಸಪ್ತಪದಿಯು ಸಂಪ್ರದಾಯದಲ್ಲಿ ಇರುವ ಕಡೆ ಏಳನೆಯ ಹೆಜ್ಜೆ ಇಟ್ಟಾಗಲೇ ವಿವಾಹವು ಪೂರ್ಣವಾಗುತ್ತದೆ. 8ನೆಯ ವಿಧಿಯ ನೋಂದಣಿಯು ನಡೆದ ವಿವಾಹಕ್ಕೆ ಸಾಕ್ಷ್ಯ ಮಾತ್ರ. 2024ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಅಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠವು ಇದನ್ನೇ ಸ್ಪಷ್ಟಪಡಿಸಿತು. ವಿಮಾನಚಾಲಕರಾಗಿ ತರಬೇತಿ ಪಡೆದ ಇಬ್ಬರು ವಿಧಿಗಳನ್ನು ಆಚರಿಸದೆ ಪ್ರಮಾಣಪತ್ರ ಪಡೆದಿದ್ದರು. ಸಮಾರಂಭಕ್ಕೆ ಗೊತ್ತುಮಾಡಿದ್ದ ದಿನ ಬರುವ ಮೊದಲೇ ಅವರಲ್ಲಿ ವಿರಸ ಉಂಟಾಗಿತ್ತು. ಅವರದು ವಿವಾಹವೇ ಅಲ್ಲ, ಆ ಪತ್ರಗಳು ಅಸಿಂಧು ಎಂದು ನ್ಯಾಯಾಲಯ ಘೋಷಿಸಿತು. ವಿದೇಶದ ವೀಸಾಕ್ಕಾಗಿ ಕಾಲ ಉಳಿಸಲು ಸಂಸ್ಕಾರಕ್ಕೆ ಮುಂಚೆ ನೋಂದಣಿ ಮಾಡಿಸುವ ರೂಢಿಯನ್ನು ಹೆಸರಿಸಿಯೇ ಖಂಡಿಸಿತು. ರೈಲ್ವೆಯಲ್ಲಿ ಆಯುಷ್ಯ ಕಳೆದ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ಮುಂಗಡ ಟಿಕೆಟಿನಲ್ಲಿ ಹೆಸರಿದ್ದ ಮಾತ್ರಕ್ಕೆ ಪ್ರಯಾಣ ಮುಗಿದಂತಾಗದು.

ಧರ್ಮದೃಷ್ಟಿಯಲ್ಲಿ ದೋಷವು ಇನ್ನೂ ಆಳವಾದುದು. ನೋಂದಣಿಯ ಅರ್ಜಿಯಲ್ಲಿ ವಿವಾಹವು ಇಂಥ ದಿನ, ಇಂಥ ಸ್ಥಳದಲ್ಲಿ ನಡೆಯಿತೆಂದು ಬರೆಯಬೇಕು. ನಡೆಯದುದನ್ನು ನಡೆಯಿತೆಂದು ವಧೂವರರು ಬರೆದು, ತಂದೆತಾಯಿಗಳು ಸಾಕ್ಷಿ ಹಾಕಿ, ಪುರೋಹಿತರು ಪತ್ರ ಕೊಟ್ಟರೆ, ಗೃಹಸ್ಥಾಶ್ರಮದ ಮೊದಲ ಅಕ್ಷರವೇ ಅನೃತವಾಯಿತು. ಮುಂದೆ ಅಗ್ನಿಸಾಕ್ಷಿಯಾಗಿ ಹೇಳುವ ಮಾತಿಗೆ ಬೆಲೆ ಎಲ್ಲಿಂದ ಬರಬೇಕು?

ಇದರ ಫಲವನ್ನು ಹೆಚ್ಚಾಗಿ ಉಣ್ಣುವವಳು ಕನ್ಯೆ. ಮಾತು ಮುರಿದರೆ ಅವಳು ಸಂಸ್ಕಾರದಿಂದ ಅವಿವಾಹಿತೆ, ಕಾಗದದಲ್ಲಿ ವಿವಾಹಿತೆ. ಆ ಕಾಗದವನ್ನು ಅಳಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ವಿದೇಶಕ್ಕೆ ಹೋದ ಮೇಲೂ ಅವಳ ಸ್ಥಿತಿ ಪತಿಯನ್ನೇ ಅವಲಂಬಿಸಿರುತ್ತದೆ. ಅಮೆರಿಕೆಯ ಎಚ್-4 ವೀಸಾದವರಿಗೆ ದುಡಿಯುವ ಅನುಮತಿ ಸಾಮಾನ್ಯವಾಗಿ ಇಲ್ಲ. 2015ರಿಂದ ಕೆಲವರಿಗೆ ಮಾತ್ರ ಅದು ದೊರೆತಿದೆ. ವಿವಾಹವಾಗಿ ಎರಡು ವರ್ಷ ತುಂಬುವ ಮೊದಲು ಪತಿಯ ಮೂಲಕ ಅಲ್ಲಿ ಶಾಶ್ವತ ವಾಸದ ಹಕ್ಕು ದೊರೆತರೆ, ಅದು ಎರಡು ವರ್ಷಗಳ ಷರತ್ತಿಗೆ ಒಳಪಟ್ಟದ್ದು. ಬ್ರಿಟನ್ನಿನಲ್ಲಿ ನೆಲೆಸಿದವರು ಸಂಗಾತಿಯನ್ನು ಕರೆಸಿಕೊಳ್ಳಲು ಬೇಕಾದ ವಾರ್ಷಿಕ ಆದಾಯದ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ 18,600 ಪೌಂಡುಗಳಿಂದ 29,000ಕ್ಕೆ ಏರಿಸಲಾಯಿತು. ಜಾತಕ ನೋಡುವಷ್ಟೇ ಶ್ರದ್ಧೆಯಿಂದ ಕನ್ಯಾಪಿತೃಗಳು ಈ ನಿಯಮಗಳನ್ನೂ ನೋಡಬೇಕು.

ಕಾಲಕ್ಕೆ ತಕ್ಕಂತೆ ನಡೆಯಬಾರದೇ ಎಂದು ಕೇಳುವವರಿದ್ದಾರೆ. ಕೋವಿಡ್ ಕಾಲದಲ್ಲಿ, 2021ರ ಸೆಪ್ಟೆಂಬರಿನಲ್ಲಿ, ಕೊಚ್ಚಿಯಲ್ಲಿರುವ ಕೇರಳ ಉಚ್ಚ ನ್ಯಾಯಾಲಯವು ವಿಶೇಷ ವಿವಾಹ ಕಾಯಿದೆಯನ್ವಯ ವೀಡಿಯೋ ಮೂಲಕವೇ ವಿವಾಹ ನಡೆಸಲು ಮಧ್ಯಂತರ ಆದೇಶದಲ್ಲಿ ಅವಕಾಶವಿತ್ತದ್ದು ನಿಜ. ಆದರೆ ಅಲ್ಲಿಯೂ ಸಾಕ್ಷಿಗಳು ವಿವಾಹಾಧಿಕಾರಿಯ ಎದುರು ಖುದ್ದಾಗಿ ಇರಬೇಕೆಂದಿತು. ಅದರಲ್ಲಿ ಅಸತ್ಯವೂ ಇಲ್ಲ. ಆ ಕ್ಷಣದಿಂದ ತಾವು ದಂಪತಿಗಳೆಂದು ಇಬ್ಬರೂ ತಿಳಿದೇ ಸಹಿ ಮಾಡುತ್ತಾರೆ. ಆ ಮಾರ್ಗವನ್ನು ಹಿಡಿದವರನ್ನು ಸುಳ್ಳು ಹೇಳಿದರೆಂದು ದೂಷಿಸಲಾಗದು. ನಾವು ಆಕ್ಷೇಪಿಸುವುದು ವಿವಾಹವಾಯಿತೆಂದು ಸರಕಾರಕ್ಕೂ, ಆಗಲಿಲ್ಲವೆಂದು ಬಂಧುಗಳಿಗೂ ಹೇಳುವ ಎರಡು ನಾಲಗೆಯನ್ನು.

ಪರಿಹಾರ ಕಠಿನವೇನಲ್ಲ. ಛತ್ರ, ಅಲಂಕಾರ, ಐನೂರು ಎಲೆಗಳ ಊಟ ಇವು ವಿವಾಹದ ಅಂಗಗಳಲ್ಲ. ಪಾಣಿಗ್ರಹಣ, ಲಾಜಹೋಮ, ಸಪ್ತಪದಿಗಳು ಅಂಗಗಳು. ವರನು ರಜೆಯಲ್ಲಿ ಬಂದಾಗ ಹತ್ತಿರದವರ ನಡುವೆ, ಮನೆಯಲ್ಲೋ ಮಠದಲ್ಲೋ, ಇವನ್ನು ಸಾಂಗವಾಗಿ ನೆರವೇರಿಸಿ ಮರುದಿನ ನೋಂದಾಯಿಸಲಿ. ವೀಸಾ ಬಂದ ಮೇಲೆ ಆರತಕ್ಷತೆಯನ್ನು ಎಷ್ಟು ವೈಭವದಿಂದಾದರೂ ಮಾಡಲಿ. ಅಷ್ಟಕ್ಕೂ ವರನಿಗೆ ಬಿಡುವಿಲ್ಲವೆಂದಾದರೆ ಮದುವೆಯನ್ನೇ ಮುಂದೂಡುವುದು ಲೇಸು. ತಡವಾದ ವೀಸಾಕ್ಕೆ ಮತ್ತೆ ಅರ್ಜಿ ಹಾಕಬಹುದು. ಅನೃತದಿಂದ ಆರಂಭವಾದ ದಾಂಪತ್ಯವನ್ನು ಮತ್ತೆ ಮೊದಲಿನಿಂದ ಆರಂಭಿಸುವುದು ಅಷ್ಟು ಸುಲಭವಲ್ಲ.