ಮೀಟರ್ ಮಾತನ್ನು ಎಷ್ಟು ನಂಬುವುದು?

ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಕೊಡಗಿನತ್ತ ಹೊರಡುವ ಕ್ಯಾರವಾನ್‌ನಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ. ಒಂದು ಎಂಜಿನ್ ಸ್ಟಾರ್ಟ್ ಮಾಡುವುದಕ್ಕೆ, ಇನ್ನೊಂದು ಒಳಗಿನ ದೀಪ, ಫ್ರಿಜ್ಜು, ನೀರಿನ ಪಂಪಿಗೆ. ಗಾಡಿ ಓಡುವಾಗ ಆಲ್ಟರ್ನೇಟರ್ ಎರಡನ್ನೂ ತುಂಬಬೇಕು. ಸಂಜೆ ಎಂಜಿನ್ ಆಫ್ ಮಾಡಿದ ಕೂಡಲೇ ಈ ಎರಡನೆಯ ಬ್ಯಾಟರಿಗೆ ಮೀಟರ್ ಇಟ್ಟರೆ 12.9 ವೋಲ್ಟ್. ಸೀಸ-ಆಮ್ಲದ ಬ್ಯಾಟರಿ ಪೂರ್ತಿ ಚಾರ್ಜಾಗಿ ವಿಶ್ರಾಂತಿಯಲ್ಲಿರುವಾಗ 12.6ರಿಂದ 12.7 ತೋರಿಸಿದರೆ ಸಾಕು, ಇದು ಅದಕ್ಕಿಂತ ಚೆನ್ನ. ಎರಡು ಗಂಟೆಯಲ್ಲಿ ಫ್ರಿಜ್ಜು ನಿಂತಿತು ಎನ್ನಿ. ಆ 12.9ಕ್ಕೆ ಏನರ್ಥ?

ಚಾರ್ಜಾದ ಹೊಸತರಲ್ಲಿ ಪ್ಲೇಟುಗಳ ಮೇಲ್ಮೈಯಲ್ಲಿ ಕೂತ ವೋಲ್ಟೇಜು ಅದು. ಒಳಗೆ ಸಲ್ಫೇಟ್ ಕಟ್ಟಿದ್ದರೂ ಮೀಟರಿಗೆ ಕಾಣದು.

ಕಂಡದ್ದನ್ನು ಎಷ್ಟು ನಂಬುವುದು ಎಂಬುದು ನಮ್ಮ ದರ್ಶನಶಾಸ್ತ್ರದ ಹಳೆಯ ಪ್ರಶ್ನೆಯೂ ಹೌದು: ಜ್ಞಾನ ಹುಟ್ಟಿದಾಗಲೇ ಅದು ಸರಿಯೆಂಬುದೂ ತಿಳಿಯುತ್ತದೆಯೋ, ಹೊರಗಿನ ಪರೀಕ್ಷೆ ಬೇಕೋ? ನ್ಯಾಯದರ್ಶನದವರಾದ ನೈಯಾಯಿಕರಿಗೆ ಪರೀಕ್ಷೆ ಬೇಕು. ದೂರದಲ್ಲಿ ಕಂಡದ್ದು ನೀರೇ ಎಂಬುದು ಹೋಗಿ ಕುಡಿದಾಗಲೇ ಖಾತ್ರಿ. ರಾಜಾಜಿನಗರದ ಆಟೊ ಎಲೆಕ್ಟ್ರಿಷಿಯನ್ ಮಾಡುವ ಲೋಡ್ ಟೆಸ್ಟ್ ಇದೇ ದಾರಿಯದು: ಬ್ಯಾಟರಿಯ ಮೇಲೆ ಭಾರ ಹಾಕಿ, ವೋಲ್ಟೇಜು ಎಷ್ಟು ಕುಸಿಯುತ್ತದೆ ನೋಡುವುದು.

ಬನ್ನೂರಿನಲ್ಲಿ ಹುಟ್ಟಿ ವಿಜಯನಗರದಲ್ಲಿ ಮೆರೆದ ವ್ಯಾಸತೀರ್ಥರು ‘ತರ್ಕತಾಂಡವ’ ಗ್ರಂಥದಲ್ಲಿ ಇದಕ್ಕೆ ಅಡ್ಡ ನಿಂತರು. ಜ್ಞಾನ ಸ್ವತಃ ಪ್ರಮಾಣ ಎಂಬುದು ಅವರ ದ್ವೈತದ ನಿಲುವು. ಪರೀಕ್ಷೆಯೂ ಒಂದು ಜ್ಞಾನವೇ ತಾನೆ, ಅದನ್ನು ಪರೀಕ್ಷಿಸುವವರು ಯಾರು? ಲೋಡ್ ಟೆಸ್ಟರಿಗೊಂದು ಟೆಸ್ಟರು, ಅದಕ್ಕೊಂದು ಎನ್ನುತ್ತ ಹೋದರೆ ಗಾಡಿ ಶೆಡ್ಡಿನಿಂದ ಹೊರಡುವುದೇ ಇಲ್ಲ. ಎಲ್ಲೋ ಒಂದೆಡೆ ಸಾಕ್ಷಿ, ಅಂದರೆ ನಮ್ಮೊಳಗಿನ ಅರಿವು, ‘ಸರಿ’ ಎನ್ನಬೇಕು. ಸಂದೇಹ ಬಂದಲ್ಲಿ ಮಾತ್ರ ಪರೀಕ್ಷೆ. ಸಂದೇಹವಿಲ್ಲದಲ್ಲಿ ಪರೀಕ್ಷೆ ಬೇಡವೆಂದು ನೈಯಾಯಿಕರೂ ಒಪ್ಪುತ್ತಾರೆ. ಶಾಸ್ತ್ರದಲ್ಲಿ ಕಾದಾಡಿದವರು ಶೆಡ್ಡಿನಲ್ಲಿ ಒಂದೇ ಬೆಂಚಿನಲ್ಲಿ ಕೂರಬಹುದು.

ಆದರೆ ಯಾವಾಗ ಸಂದೇಹಪಡಬೇಕು ಎಂಬುದೇ ಕಷ್ಟ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅರ್ಧ ಖಾಲಿಯಾದರೂ ಮುಕ್ಕಾಲು ತುಂಬಿದ್ದರೂ 13.2 ವೋಲ್ಟಿನ ಆಸುಪಾಸಿನಲ್ಲೇ ಇರುತ್ತದೆ; ಅದನ್ನು ಅಳೆಯಲು ಒಳಹೊಕ್ಕ-ಹೊರಬಿದ್ದ ಆಂಪಿಯರ್ ಲೆಕ್ಕ ಇಡುವ ಶಂಟ್ ಬೇಕು. ಅದರೊಳಗಿನ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ) ರಕ್ಷಣೆಗೆಂದು ಕಡಿತ ಮಾಡಿದರೆ ಮೀಟರಿನಲ್ಲಿ ಸೊನ್ನೆ, ಬ್ಯಾಟರಿ ಮಾತ್ರ ಗಟ್ಟಿ. 2020ರ ಏಪ್ರಿಲ್‌ನಲ್ಲಿ ಜಾರಿಯಾದ ಬಿಎಸ್-6 ಮಾಲಿನ್ಯ ನಿಯಮದ ಗಾಡಿಗಳಲ್ಲಿ ಹಲವಕ್ಕೆ ಸ್ಮಾರ್ಟ್ ಆಲ್ಟರ್ನೇಟರ್ ಇದೆ; ಸ್ಟಾರ್ಟರ್ ಬ್ಯಾಟರಿ ತುಂಬಿತೆಂದರೆ ವೋಲ್ಟೇಜು ಇಳಿಸುತ್ತದೆ. ಆಗ ಎರಡು ಬ್ಯಾಟರಿಗಳ ನಡುವೆ ವೋಲ್ಟೇಜು ನೋಡಿ ಬದಲಾಗುವ ರಿಲೇ ತೆರೆದುಕೊಂಡು, ಒಳಗಿನ ಫ್ರಿಜ್ಜು-ದೀಪದ ಬ್ಯಾಟರಿಗೆ ಏನೂ ಸಿಗದು. ಕೆಟ್ಟ ಭಾಗ ಒಂದೂ ಇಲ್ಲ! ಡಿಸಿ-ಡಿಸಿ ಚಾರ್ಜರ್ ಹಾಕದೆ ಇದು ಸರಿಹೋಗದು.

ಇದೆಲ್ಲಕ್ಕೂ ಮೊದಲು ಎಂಜಿನ್ ಓಡುತ್ತಿರುವಾಗ ಮೀಟರಿನ ಒಂದು ತುದಿ ಆಲ್ಟರ್ನೇಟರಿನ ಪ್ಲಸ್ಸಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ಸಿಗೆ ಇಟ್ಟು ನೋಡಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ತಂತಿ ತೆಳು, ಇಲ್ಲವೇ ಜಾಯಿಂಟಿಗೆ ತುಕ್ಕು. ಆಮೇಲೆ ಅರ್ಥಿಂಗ್ ಕಡೆಯನ್ನೂ ಹೀಗೇ ನೋಡಬೇಕು, ಹಲವರು ಮರೆಯುವುದು ಅದನ್ನೇ.