ಅಕ್ಷರಕ್ಕೆ ಅಧಿಕಾರಿ ಯಾರು?

ವಿದ್ಯೆಯನ್ನು ಪಡೆಯಲು ಯಾರು ಅಧಿಕಾರಿ ಎಂಬ ಪ್ರಶ್ನೆ ನಮ್ಮ ದರ್ಶನಗಳಷ್ಟೇ ಹಳೆಯದು. ಬ್ರಹ್ಮಸೂತ್ರದ ಮೊದಲ ಪದವನ್ನು ವಿವರಿಸುತ್ತ ಶಂಕರಾಚಾರ್ಯರು, ವಿವೇಕ, ವೈರಾಗ್ಯ, ಶಮದಮಾದಿ ಸಂಪತ್ತು, ಮುಮುಕ್ಷುತ್ವ ಎಂಬ ನಾಲ್ಕು ಸಾಧನಗಳು ಶಿಷ್ಯನಿಗೆ ಮುಂಚೆಯೇ ಕೈಗೂಡಿರಬೇಕೆಂದರು. ಅದೇ ಭಾಷ್ಯದಲ್ಲಿ ಮುಂದೆ ಶೂದ್ರನಿಗೆ ವೇದಾಧ್ಯಯನದ ಅಧಿಕಾರವಿಲ್ಲವೆಂಬ ನಿರ್ಣಯವೂ ಬಂದಿತು. ಒಂದು ಅಂತರಂಗವನ್ನು ಕುರಿತದ್ದು, ಮತ್ತೊಂದು ಜನ್ಮವನ್ನು ಕುರಿತದ್ದು. ಆದರೂ ಎರಡರಲ್ಲಿಯೂ ಯೋಗ್ಯತೆಯ ಭಾರವೆಲ್ಲವೂ ಶಿಷ್ಯನ ಹೆಗಲಿಗೇ ಬಿದ್ದಿದೆ. ನಮ್ಮ ಅಧ್ಯಾಪಕರ ಕೊಠಡಿಗಳಲ್ಲಿ ಇಂದು ಕೇಳಿಬರುವ ‘ಇವರೆಲ್ಲ ಕಾಲೇಜಿಗೆ ಬರಬೇಕಾದವರೇ ಅಲ್ಲ’ ಎಂಬ ಮಾತು ಆ ಹಳೆಯ ನಿರ್ಣಯದ ಸಂತಾನವೆಂದು ನಾನು ಬಗೆಯುತ್ತೇನೆ.

ಮಳವಳ್ಳಿಯ ಕಡೆಯ ಹುಡುಗನೊಬ್ಬನು ಬಿ.ಎ. ಮೊದಲ ವರ್ಷದಲ್ಲಿ ತನ್ನೂರನ್ನು ಕುರಿತು ‘ಅಬ್ಬದ ರಾತ್ರಿ ನೀಲಗಾರರು ಆಡು ಏಳಿದರು’ ಎಂದು ಬರೆದನೆನ್ನಿ. ಮೂರು ಪದಗಳಿಗೂ ಕೆಂಪು ಗೆರೆ ಬೀಳುತ್ತದೆ. ಆದರೆ ಈ ಸೀಮೆಯ ಆಡುಮಾತಿನಲ್ಲಿ ಹಕಾರವು ಸಾಮಾನ್ಯವಾಗಿ ಉಳಿಯುವುದಿಲ್ಲವಾದ್ದರಿಂದ, ಕಿವಿಯು ಕೇಳಿದ್ದನ್ನೇ ಕೈಯು ಪ್ರಾಮಾಣಿಕವಾಗಿ ಬರೆದಿದೆ. ಹೀಗೆ ತಿದ್ದಿಸಿಕೊಂಡವನು ಅಂಜಿ, ಮರುವಾರ ‘ಆಸೆ’ಯನ್ನು ‘ಹಾಸೆ’ ಎಂದು ಬರೆದು ಮತ್ತೊಮ್ಮೆ ಗೆರೆ ಎಳೆಸಿಕೊಳ್ಳುತ್ತಾನೆ. ಅಕ್ಕಿ–ಹಕ್ಕಿ, ಆಡು–ಹಾಡು, ಅಲ್ಲಿ–ಹಲ್ಲಿ ಎಂದು ಜೋಡಿ ಜೋಡಿಯಾಗಿ ಗಟ್ಟಿಯಾಗಿ ಓದಿಸಿ ಬರೆಸಿದರೆ ಈ ತೊಡಕು ಸಡಿಲವಾಗುತ್ತ ಬರುತ್ತದೆ. ಕಾಗುಣಿತವನ್ನು ಕಲಿಸುವುದು ಪ್ರಾಥಮಿಕ ಶಾಲೆಯವರ ಕೆಲಸವೆಂದು ಭಾವಿಸುವ ಪಂಡಿತನಿಗೆ ಇದು ತೋಚುವುದಿಲ್ಲ. ಈ ತೊಡಕು ಆ ಹುಡುಗನೊಬ್ಬನದಲ್ಲ, ಅವನ ಸೀಮೆಯದು. ಮಳವಳ್ಳಿಯನ್ನೊಳಗೊಂಡು 1939ರಲ್ಲಿ ಜಿಲ್ಲೆಯಾದ ಮಂಡ್ಯಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಅದಕ್ಕೂ ಮುಂಚೆಯೇ ಹರಿದಿತ್ತು, ಸಕ್ಕರೆ ಕಾರ್ಖಾನೆಯೂ ಬಂದಿತ್ತು. ಅಕ್ಷರ ಮಾತ್ರ ಹಿಂದುಳಿಯಿತು. 2011ರ ಜನಗಣತಿಯಲ್ಲಿಯೂ ಜಿಲ್ಲೆಯ ಸಾಕ್ಷರತೆ ಶೇಕಡಾ 70ರ ಆಸುಪಾಸಿನಲ್ಲಿಯೇ ಇದ್ದು, ರಾಜ್ಯದ ಸರಾಸರಿಗಿಂತ ಕೆಳಗಿತ್ತು.

ಅಧಿಕಾರದ ಪ್ರಶ್ನೆಗೆ ಬೇರೊಂದು ಉತ್ತರ ಇದೇ ನೆಲದಲ್ಲಿದೆ. ಉಪನಿಷತ್ತಿನ ಶಿಷ್ಯನು ಸಮಿತ್ತನ್ನು ಕೈಯಲ್ಲಿ ಹಿಡಿದು ಗುರುವಿನ ಬಳಿಗೆ ಹೋಗುತ್ತಾನೆ. ನೀಲಗಾರರು ತಂಬೂರಿ ಮೀಟುತ್ತ ಹಾಡುವ ಮಂಟೇಸ್ವಾಮಿಯ ಕಥೆಯಲ್ಲಿಯಾದರೋ ಗುರುವೇ ಶಿಷ್ಯನ ಮನೆಬಾಗಿಲಿಗೆ ಬರುತ್ತಾನೆ. ಮದ್ದೂರು ಸೀಮೆಯ ನಿಡುಘಟ್ಟದ ಕಮ್ಮಾರರ ಮನೆಯ ಹುಡುಗ ಕೆಂಪಣ್ಣನನ್ನು, ಹೆತ್ತವರು ಒಪ್ಪದಿದ್ದರೂ ಬಿಡದೆ, ತನಗೆ ಶಿಶುಮಗನಾಗಬೇಕೆಂದು ಕೇಳುತ್ತಾನೆ. ಆ ಹುಡುಗ ಯಾವ ಸಾಧನಸಂಪತ್ತನ್ನೂ ತೋರಿಸಿದವನಲ್ಲ. ಅವನು ಜನರು ಪೂಜಿಸುವ ಸಿದ್ಧಪ್ಪಾಜಿಯಾದದ್ದು ಗುರುವು ಕೈಹಿಡಿದ ಮೇಲೆ. ಅಕ್ಷರವಿಲ್ಲದವರು ತಲೆಮಾರುಗಳಿಂದ ಬಾಯಲ್ಲಿಟ್ಟುಕೊಂಡು ಬಂದ ಈ ಮಹಾಕಾವ್ಯವನ್ನು ಕೇಳಿ ಬೆಳೆದ ಹುಡುಗನಿಗೆ ಭಾಷೆಯೇ ಬಾರದೆಂದು ಹೇಳುವುದು ಅನ್ಯಾಯ. ಅವನಿಗೆ ಬಾರದಿರುವುದು ಬರವಣಿಗೆ.

ಹೀಗೆ ಇಳಿದು ಕಲಿಸಿದರೆ ಪದವಿಯ ಮಟ್ಟವೇ ಇಳಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಂಟೇಸ್ವಾಮಿಯೂ ಶಿಷ್ಯನಿಗೆ ಪರೀಕ್ಷೆಯನ್ನು ತಪ್ಪಿಸಲಿಲ್ಲ. ಕಬ್ಬಿಣದ ಭಿಕ್ಷೆಗೆಂದು ಮಳವಳ್ಳಿ ಸೀಮೆಯ ಹಲಗೂರಿಗೆ ಅವನನ್ನು ಕಳುಹಿಸಿದನು, ಅಲ್ಲಿಯ ಪಾಂಚಾಳರು ಒಡ್ಡಿದ ಕಠಿಣ ಪವಾಡಗಳನ್ನು ಅವನು ಗೆಲ್ಲಲೇಬೇಕಾಯಿತು. ಆದರೆ ದೀಕ್ಷೆ ಮೊದಲು, ಪರೀಕ್ಷೆ ಆಮೇಲೆ. ನಮ್ಮ ಕಾಲೇಜುಗಳಲ್ಲಿ ಪರೀಕ್ಷೆಯ ವೇಳಾಪಟ್ಟಿ ತಪ್ಪದೆ ಬರುತ್ತದೆ, ದೀಕ್ಷೆ ಮಾತ್ರ ಇಲ್ಲ. ಮೊದಲ ವರ್ಷದವರಿಗೆ ದಿನಕ್ಕೊಂದು ಗಂಟೆ ಗಟ್ಟಿಯಾಗಿ ಓದಿಸಿ, ಒಂದು ಪುಟ ಬರೆಸಿ, ಪಕ್ಕದಲ್ಲಿ ಕುಳಿತು ತಿದ್ದುವ ತರಗತಿಗೆ ಪಾಠಗಳ ವೇಳಾಪಟ್ಟಿಯಲ್ಲಿ ಸ್ಥಳ ದೊರೆಯಬೇಕು, ಅದನ್ನು ಇಲಾಖೆಯ ಹಿರಿಯ ಅಧ್ಯಾಪಕರೇ ವಹಿಸಿಕೊಳ್ಳಬೇಕು.