ನೆನಪು ಪ್ರಮಾಣವೇ?

ನೆನಪಿನಿಂದ ಮೂಡುವ ಅರಿವನ್ನು ನಿಜವಾದ ಜ್ಞಾನವೆಂದು ಒಪ್ಪಬೇಕೇ ಎಂಬುದು ಭಾರತೀಯ ದರ್ಶನಗಳಲ್ಲಿ ಹಳೆಯ ವಿವಾದ. ನ್ಯಾಯದರ್ಶನದವರಾದ ನೈಯಾಯಿಕರು ಒಪ್ಪುವುದಿಲ್ಲ. ಅನುಭವವು ಆತ್ಮದಲ್ಲಿ ಸಂಸ್ಕಾರವನ್ನು ಉಳಿಸಿಹೋಗುತ್ತದೆ. ತಕ್ಕ ನಿಮಿತ್ತ ಒದಗಿದಾಗ ಅದು ಎಚ್ಚೆತ್ತು ಸ್ಮೃತಿಯಾಗುತ್ತದೆ. ಸ್ಮೃತಿಯ ಸತ್ಯವೆಲ್ಲ ಆ ಹಿಂದಿನ ಅನುಭವದಿಂದ ಪಡೆದ ಕಡ, ಆದ್ದರಿಂದ ಅದು ಪ್ರಮೆ, ಅಂದರೆ ನಿಜವಾದ ಜ್ಞಾನ, ಅಲ್ಲ ಎಂಬುದು ಅವರ ವಾದ. ಹೊಸದನ್ನು ತಿಳಿಸಿದರಷ್ಟೇ ಪ್ರಮಾಣ ಎನ್ನುವ ಭಾಟ್ಟ ಮೀಮಾಂಸಕರೂ ನೆನಪನ್ನು ಹೊರಗಿಡುತ್ತಾರೆ.

ಮಾಧ್ವರ ನಿಲುವು ಬೇರೆ. ಟೀಕಾಚಾರ್ಯರೆಂದೇ ಹೆಸರಾದ 14ನೆಯ ಶತಮಾನದ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಇದನ್ನು ವಿವರಿಸಿದ್ದಾರೆ. ಇದ್ದುದನ್ನು ಇದ್ದಂತೆ ತಿಳಿಸುವುದೇ ಪ್ರಮಾಣವಾದರೆ, ಹಿಂದೆ ಇದ್ದುದನ್ನು ‘ಹಿಂದೆ ಇತ್ತು’ ಎಂದೇ ತಿಳಿಸುವ ನೆನಪು ಹೊರಗುಳಿಯಲು ಕಾರಣವಿಲ್ಲ. ನೆನಪಿನಲ್ಲಿ ಇಂದ್ರಿಯವಾಗಿ ಕೆಲಸ ಮಾಡುವುದು ಮನಸ್ಸು; ಸಂಸ್ಕಾರ ಅದಕ್ಕೆ ಸಹಕಾರಿ ಮಾತ್ರ. ಈ ಪಕ್ಷಕ್ಕೆ ಬಲವಿದೆ. ಬೆಟ್ಟದ ಹೊಗೆ ಕಂಡು ಬೆಂಕಿಯನ್ನು ಅನುಮಾನಿಸುವವನು, ಅಡುಗೆಮನೆಯಲ್ಲಿ ಅವೆರಡೂ ಜೊತೆಗಿದ್ದುದನ್ನು ನೆನೆಯಲೇಬೇಕು. ಈ ಜೊತೆಗಿರುವಿಕೆಯ, ಅಂದರೆ ವ್ಯಾಪ್ತಿಯ, ಸ್ಮರಣೆಯಿಲ್ಲದೆ ಅನುಮಾನವಿಲ್ಲ ಎಂದವರು ನೈಯಾಯಿಕರೇ; ನೆನಪನ್ನು ನಂಬದಿದ್ದರೆ ಅನುಮಾನವೂ ನಿಲ್ಲದು.

ಸಂಸ್ಕಾರ ಎಂಬುದಕ್ಕೆ ಹತ್ತಿರವಾದುದನ್ನು ಇಂದಿನ ವಿಜ್ಞಾನ ಮಿದುಳಿನಲ್ಲಿ ಕಂಡಿದೆ. ಅನುಭವವು ನರಕೋಶಗಳ ನಡುವಿನ ಸಂಧಿಗಳ ಬಲವನ್ನು ಬದಲಿಸುತ್ತದೆ. ಅಲ್ಪಕಾಲದ ನೆನಪಿಗೆ, ಆಗಲೇ ಇರುವ ಪ್ರೋಟೀನುಗಳ ಮಾರ್ಪಾಟೇ ಸಾಕು. ದೀರ್ಘಕಾಲ ಉಳಿಯಲು ಹೊಸ ಪ್ರೋಟೀನು ತಯಾರಾಗಿ ಹೊಸ ಸಂಧಿಗಳು ಬೆಳೆಯಬೇಕು. ಏಪ್ಲೀಸಿಯ ಎಂಬ ಕಡಲಜೀವಿಯಲ್ಲಿ ಇದನ್ನು ತೋರಿಸಿದ ಎರಿಕ್ ಕ್ಯಾಂಡೆಲ್ 2000ರಲ್ಲಿ ನೊಬೆಲ್ ಪಡೆದರು.

ದಾರ್ಶನಿಕರು ನಿಂತು ನೋಡಲೇಬೇಕಾದದ್ದು ಅಮೆರಿಕದ ಹೆನ್ರಿ ಮೊಲೈಸನ್ ಅವರ ಬದುಕನ್ನು. 1953ರಲ್ಲಿ ಅಪಸ್ಮಾರದ ಚಿಕಿತ್ಸೆಗೆಂದು ಅವರ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಎಂಬ ರಚನೆಯ ದೊಡ್ಡ ಭಾಗವನ್ನು ತೆಗೆಯಲಾಯಿತು. ಆಮೇಲೆ 2008ರಲ್ಲಿ ತೀರಿಕೊಳ್ಳುವವರೆಗೂ ನಡೆದ ಘಟನೆಗಳು ಅವರ ಮನಸ್ಸಿನಲ್ಲಿ ನಿಲ್ಲಲೇ ಇಲ್ಲ ಎನ್ನಬಹುದು. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್, ಕನ್ನಡಿಯಲ್ಲಷ್ಟೇ ನೋಡುತ್ತ ನಕ್ಷತ್ರದ ಗೆರೆ ತಿದ್ದುವ ಕೆಲಸವನ್ನು ಮೊಲೈಸನ್ ಅವರಿಗೆ ಕೊಟ್ಟರು. ದಿನದಿಂದ ದಿನಕ್ಕೆ ಕೈ ಪಳಗಿತು. ಹಿಂದೆ ತಿದ್ದಿದ್ದು ಮಾತ್ರ ಅವರಿಗೆ ನೆನಪಿರಲಿಲ್ಲ. ಸಂಸ್ಕಾರವಿತ್ತು, ಸ್ಮೃತಿಯಿರಲಿಲ್ಲ. ಅಂದರೆ ಅಚ್ಚು ಉಳಿಯುವುದು ಒಂದು, ‘ಇದು ನನಗೆ ಹಿಂದೆ ಆಗಿತ್ತು’ ಎಂದು ತಿಳಿಯುವುದು ಇನ್ನೊಂದು. ಸ್ಮೃತಿಯನ್ನು ಬರಿಯ ಸಂಸ್ಕಾರದ ಫಲವೆನ್ನದೆ ಬೇರೊಂದು ಅರಿವೆಂದ ಜಯತೀರ್ಥರ ಮಾತಿಗೆ ಇಲ್ಲಿ ಬೆಂಬಲ ಸಿಗುತ್ತದೆ.

ಆದರೆ ನೆನಪು ಇದ್ದುದನ್ನು ಇದ್ದಂತೆ ತಿಳಿಸುತ್ತದೆಯೇ ಎಂಬ ಯಥಾರ್ಥತೆಯ ವಿಚಾರ ಅಷ್ಟು ಸುಲಭವಲ್ಲ. ನೆನಪಿಗೆ ತಂದುಕೊಂಡಾಗ ಗಟ್ಟಿಯಾಗಿದ್ದ ನೆನಪೂ ಸಡಿಲವಾಗಬಲ್ಲುದು, ಅದು ಮತ್ತೆ ಕಟ್ಟಿಕೊಳ್ಳಬೇಕಾಗುತ್ತದೆ ಎಂದು ಕರೀಮ್ ನಾಡರ್ ಮತ್ತು ಸಂಗಡಿಗರು 2000ರಲ್ಲಿ ಇಲಿಗಳಲ್ಲಿ ತೋರಿಸಿದರು. ಹೀಗೆ ಕಟ್ಟಿಕೊಳ್ಳುವಾಗ ಬೇರೆಯದು ಬೆರೆಯಲೂಬಹುದು. ತಪ್ಪುವುದು ಕಣ್ಣಿಗೂ ಉಂಟು. ಹಗ್ಗ ಹಾವಾಗಿ ಕಂಡಿತೆಂದು ಪ್ರತ್ಯಕ್ಷವನ್ನು ಯಾರೂ ಕೈಬಿಟ್ಟಿಲ್ಲ. ಆದರೆ ಹಗ್ಗದ ಬಳಿಗೆ ದೀಪ ಒಯ್ದು ನೋಡಬಹುದು. ಕಳೆದ ದಿನದ ಬಳಿಗೆ ಹೋಗಲಾಗದು; ಅದನ್ನು ತಿದ್ದಲು ಬರಹ, ಕುರುಹು, ಇಲ್ಲವೇ ಇನ್ನೊಬ್ಬರ ನೆನಪೇ ಬೇಕು. ನೈಯಾಯಿಕರ ಆಕ್ಷೇಪ ಇಂದಿಗೂ ಉಳಿದಿರುವುದು ಈ ಒಂದು ಜಾಗದಲ್ಲಿ.